ಬಿಸಿನೀರಿನ ಬೆರಳುಗಳು

ನಾನು ಕಾಲೇಜಿನಿಂದ ನಿವೃತ್ತನಾದ ದಿನ ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಹೊತ್ತುಕೊಂಡು ಮನೆಗೆ ಬಂದಾಗ ಅಕ್ಕ ಜಗಲಿಯ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದಳು. "ಇನ್ಮೇಕೆ ಏನ್ಲಾ ಮಾಡ್ತೀಯೆ?" ಎಂದು ಕೇಳಿದಳು. ಸನ್ಮಾನದ ಅಮಲು ಇಳಿದಿರಲಿಲ್ಲ, ಬಾಯಿಗೆ ಬಂದದ್ದು ಆಡಿಬಿಟ್ಟೆ: "ಎಲ್ಲಾರೂ ಎಲ್ಲಿಗಾರ ದೂರ ಓಗ್ಬರನ ಕಣಕ್ಕ. ನೀನೇ ಹೇಳು, ಎಲ್ಲಿಗೆ?" ಮಾದಪ್ಪನ ಬೆಟ್ಟ ಅನ್ನುತ್ತಾಳೆ, ಹೆಚ್ಚೆಂದರೆ ಕಾಶಿ ಅನ್ನುತ್ತಾಳೆ ಎಂದುಕೊಂಡಿದ್ದೆ. ಅಕ್ಕ ಕಾಲು ನೀವುವುದನ್ನು ನಿಲ್ಲಿಸದೆ, "ಜಪಾನಿಗೆ" ಎಂದಳು.

ಒಳಗಿನಿಂದ ನನ್ನ ಹೆಂಡತಿ ನಕ್ಕಳು. ನಾನೂ ನಕ್ಕೆ. ಅಕ್ಕ ನಗಲಿಲ್ಲ.

ಅವಳು ನನಗಿಂತ ಆರು ವರ್ಷ ದೊಡ್ಡವಳು. ಅಪ್ಪ ತೀರಿಕೊಂಡಾಗ ಅವಳಿಗೆ ಹನ್ನೆರಡು, ನನಗೆ ಆರು, ಈಗ ಯಳಂದೂರಿನಲ್ಲಿರುವ ತಂಗಿ ಇನ್ನೂ ತೊಟ್ಟಿಲಲ್ಲಿದ್ದಳು. ಅವ್ವ ಧನಗೆರೆಯ ಗದ್ದೆಗಳಿಗೆ ಕೂಲಿ ಹೋದಳು, ಅಕ್ಕ ನೂಲು ತೆಗೆಯುವ ಶೆಡ್ಡಿಗೆ ಹೋದಳು. ಕೊಳ್ಳೇಗಾಲದ ರೇಷ್ಮೆ ಅಂದರೆ ಹೊರಗಿನವರ ಕಣ್ಣಿಗೆ ಜರಿಯ ಸೀರೆ ಬರುತ್ತದೆ, ನಮಗೆ ಕುದಿನೀರು. ರೇಷ್ಮೆಗೂಡನ್ನು ತೊಟ್ಟಿಯ ಬಿಸಿನೀರಿಗೆ ಹಾಕಿ, ಬರಿಗೈ ಅದ್ದಿ, ಕಣ್ಣಿಗೂ ಸರಿಯಾಗಿ ಕಾಣದ ಎಳೆಯ ತುದಿಯನ್ನು ಬೆರಳಲ್ಲೇ ಹುಡುಕಿ ಹಿಡಿಯಬೇಕು. ಅಂಥ ಏಳೆಂಟು ಎಳೆ ಸೇರಿಸಿ ರಾಟೆಗೆ ಕೊಡಬೇಕು. ತುಂಡಾದರೆ ಮತ್ತೆ ಕೈ ಅದ್ದಬೇಕು. ಬೆಳಿಗ್ಗೆಯಿಂದ ಸಂಜೆಯವರೆಗೆ ಇದೇ ಕೆಲಸ. ಸತ್ತ ಹುಳದ ವಾಸನೆ ಅವಳ ಕೂದಲಿಗೆ, ಸೀರೆಗೆ, ನಮ್ಮ ಮನೆಯ ಗೋಡೆಗೆ ಹತ್ತಿತ್ತು. ಶಾಗ್ಯದಿಂದ ಅವಳನ್ನು ನೋಡಲು ಬಂದ ಗಂಡಿನ ಕಡೆಯವರು ತಟ್ಟೆ ಹಿಡಿದ ಅವಳ ಕೈ ನೋಡಿದರು, ಕಾಫಿ ಕುಡಿದರು, ಎದ್ದು ಹೋದರು. ಆಮೇಲೆ ಯಾರೂ ಬರಲಿಲ್ಲ, ಬರಲಿ ಎಂದು ನಾವೂ ಅಂಥ ಪ್ರಯತ್ನ ಮಾಡಲಿಲ್ಲ. ನಾನು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೆ, ತಂಗಿ ಹೈಸ್ಕೂಲಿನಲ್ಲಿದ್ದಳು. ಅವಳ ಕೈ ನಿಂತರೆ ನಮ್ಮಿಬ್ಬರ ಓದೂ ನಿಲ್ಲುತ್ತಿತ್ತು.

ಅಕ್ಕನ ತಲೆಗೆ ಜಪಾನು ಹೊಕ್ಕಿದ್ದು ಟೀವಿಯಿಂದಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬಿಳಿ ಗೂಡಿನ ಹೊಸ ತಳಿ ನಮ್ಮ ಕಡೆ ಬರತೊಡಗಿದ್ದ ಕಾಲದಲ್ಲಿ, ಶೆಡ್ಡಿಗೆ ಒಬ್ಬ ಜಪಾನಿನವನು ಬಂದಿದ್ದನಂತೆ. ಜೊತೆಗೆ ಬಂದ ನಮ್ಮವರೆಲ್ಲ ಮೂಗಿಗೆ ಕರ್ಚೀಪು ಹಿಡಿದು ಬಾಗಿಲಲ್ಲೇ ನಿಂತರಂತೆ. ಆತ ಮಾತ್ರ ಅಕ್ಕನ ತೊಟ್ಟಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಅಂಗಿಯ ತೋಳು ಮಡಿಸಿ, ಕುದಿನೀರಿಗೆ ಕೈ ಇಟ್ಟು, ಒಂದು ಗೂಡಿನ ತುದಿ ಹಿಡಿದು ಅವಳ ಕೈಗೆ ಕೊಟ್ಟನಂತೆ. ಮಾತಿಲ್ಲ ಕತೆಯಿಲ್ಲ, ಎದ್ದು ಹೋದನಂತೆ. "ಅಷ್ಟ್ ವರ್ಸದಲ್ಲಿ ನೀರ್ಗೆ ಕೈ ಮಡಗುದ್ ಸಾಯೇಬ ಅವ್ನೊಬ್ನೇ ಕಣ್ಲಾ. ಅವ್ನೂರು ಎಂಗದೆ ಅಂತ ಒಂದ್ಸಲ ನೋಡ್ಬೇಕು" ಎಂದಳು. ಅರವತ್ತಾರು ವರ್ಷದ ಅಕ್ಕ ನನ್ನ ಹತ್ತಿರ ಬಾಯಿಬಿಟ್ಟು ಕೇಳಿದ್ದು ಇದೊಂದೇ. ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ಮೈಸೂರಿನ ಒಬ್ಬ ಏಜೆಂಟನನ್ನು ಹಿಡಿದೆವು. ಹನ್ನೆರಡು ದಿನದ ಪ್ರವಾಸ, ಇಪ್ಪತ್ತು ಜನರ ಗುಂಪು, ಜೊತೆಗೊಬ್ಬ ಗೈಡು. ಮೊದಲು ಟೋಕಿಯೊ, ಆಮೇಲೆ ಕ್ಯೋಟೊ, ನಡುವೆ ಮೂರು ದಿನ ಹಳ್ಳಿಗಾಡು. ನಾವು ನಾಲ್ವರು: ನಾನು, ಹೆಂಡತಿ, ಅಕ್ಕ, ತಂಗಿ. ತಂಗಿಯ ಗಂಡ ಯಳಂದೂರಿನ ಮೆಡಿಕಲ್ ಸ್ಟೋರು ಬಿಟ್ಟು ಬರುವ ಪೈಕಿಯಲ್ಲ. ಏಜೆಂಟು ಕೊಟ್ಟ ಬಣ್ಣದ ಪುಸ್ತಕದಲ್ಲಿ ಹುಲ್ಲು ಹೊದಿಸಿದ ಕಡಿದಾದ ಸೂರಿನ ಮನೆಗಳ ಹಳ್ಳಿಯೊಂದಿತ್ತು. ಹಿಂದೆ ಆ ಮನೆಗಳ ಅಟ್ಟದಲ್ಲಿ ರೇಷ್ಮೆಹುಳ ಸಾಕುತ್ತಿದ್ದರು ಎಂದು ಕೆಳಗೆ ಬರೆದಿತ್ತು. ಓದಿ ಹೇಳಿದೆ. ಅಕ್ಕ ಆ ಪುಟವನ್ನು ಬ್ಲೇಡಿನಲ್ಲಿ ಕತ್ತರಿಸಿ ದೇವರ ಗೂಡಿನಲ್ಲಿ ಇಟ್ಟುಕೊಂಡಳು.

ಅಂದಿನಿಂದ ಮನೆಯಲ್ಲಿ ಮದುವೆಯ ಗಲಾಟೆ. ರಾಗಿಹಿಟ್ಟು ಎಷ್ಟು ಸೇರು, ಹುರುಳಿ ಚಟ್ನಿಪುಡಿ ಎಷ್ಟು, ವಿಮಾನದಲ್ಲಿ ಸೀರೆ ಉಟ್ಟರೆ ಚಳಿಯಾಗುವುದೇ, ಹೋಟೆಲಿನ ರೂಮಿನಲ್ಲಿ ಎಸರಿಡಲು ಬಿಡುತ್ತಾರೆಯೇ. ಏಜೆಂಟನಿಗೆ ಅಕ್ಕ ನನ್ನ ಫೋನಿನಿಂದಲೇ ದಿನಕ್ಕೊಂದು ಪ್ರಶ್ನೆ ಕೇಳುತ್ತಿದ್ದಳು. "ಸಾ, ಅಲ್ಲಿ ಮೀನಾಕದೇ ಇರೋ ಸಾರು ಸಿಕ್ಕದಾ?" ಆತ ಸಿಗುತ್ತದೆ ಎಂದರೆ ಇವಳಿಗೆ ನಂಬಿಕೆಯಿಲ್ಲ, ಮತ್ತೆ ಎರಡು ದಿನ ಬಿಟ್ಟು ಅದನ್ನೇ ಕೇಳುವಳು. ಹೆಂಡತಿ ಅವಳಿಗೆ ಎಸ್ಕಲೇಟರ್ ಹತ್ತುವುದನ್ನು ಕಲಿಸಲೆಂದೇ ಮೈಸೂರಿನ ಮಾಲಿಗೆ ಕರೆದುಕೊಂಡು ಹೋದಳು. ಆರನೆಯ ಸಲಕ್ಕೆ ಕಂಬಿ ಹಿಡಿಯದೆ ಹತ್ತಿದಳಂತೆ.

ಪಾಸ್‌ಪೋರ್ಟಿನ ಕಚೇರಿಯಲ್ಲಿ ಮೊದಲ ಅಡ್ಡಿ ಬಂತು. ಬೆರಳಚ್ಚು ತೆಗೆಯುವ ಹುಡುಗಿ ಅಕ್ಕನ ಹತ್ತು ಬೆರಳನ್ನೂ ಗಾಜಿನ ಮೇಲೆ ಇಡಿಸಿದಳು, ಒರೆಸಿದಳು, ಒತ್ತಿದಳು, ಮತ್ತೆ ಇಡಿಸಿದಳು. ಏನೂ ಮೂಡಲಿಲ್ಲ. ನಮಗೆ ಇದು ಹೊಸತಲ್ಲ. ರೇಷನ್ ಅಂಗಡಿಯ ಮೆಷಿನ್ನೂ ಅವಳ ಹೆಬ್ಬೆಟ್ಟನ್ನು ಒಪ್ಪುವುದಿಲ್ಲ. ಶೆಡ್ಡಿನ ಹಳೆಯ ಹೆಂಗಸರೆಲ್ಲರದೂ ಇದೇ ಗತಿ. ಐವತ್ತು ವರ್ಷದ ಬಿಸಿನೀರು ಗೆರೆಗಳನ್ನೆಲ್ಲ ತಿಂದುಹಾಕಿ ಬೆರಳ ತುದಿಯನ್ನು ಹೊಳೆಯ ಕಲ್ಲಿನಷ್ಟು ನುಣ್ಣಗೆ ಮಾಡಿತ್ತು. ಹುಡುಗಿ ಒಳಗೆ ಹೋಗಿ ಯಾರನ್ನೋ ಕೇಳಿ ಬಂದು, ಏನೋ ಬರೆದುಕೊಂಡು, ಫೋಟೋ ತೆಗೆದು ಕಳಿಸಿದಳು. ತಿಂಗಳೊಳಗೆ ಪಾಸ್‌ಪೋರ್ಟು ಬಂತು. ಅಕ್ಕ ಅದಕ್ಕೆ ಅರಿಶಿನ ಕುಂಕುಮ ಹಚ್ಚಲು ಹೋಗಿದ್ದಳು, ನಾನು ಗದರಿ ಕಿತ್ತುಕೊಂಡೆ.

ಹೊರಡಲು ಎರಡು ತಿಂಗಳಿದ್ದಾಗ ಗುಂಪಿನವರೆಲ್ಲ ಒಮ್ಮೆ ಸೇರಬೇಕೆಂದು ಏಜೆಂಟು ಮೈಸೂರಿನ ಹೋಟೆಲೊಂದಕ್ಕೆ ಊಟಕ್ಕೆ ಕರೆದ. ಡಾಕ್ಟರುಗಳು, ರಿಟೈರಾದ ಇಂಜಿನಿಯರುಗಳು, ಒಬ್ಬರಿಗಿಂತ ಒಬ್ಬರು ಮೆಲ್ಲಗೆ ಮಾತಾಡುವವರು. ಅಕ್ಕ ತನ್ನ ಒಂದೇ ಒಂದು ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಪಕ್ಕದಲ್ಲಿ ಕೂತ ಡಾಕ್ಟರಮ್ಮ ಒಬ್ಬರು ವಿನಯದಿಂದಲೇ ಕೇಳಿದರು, "ನೀವೇನು ಮಾಡ್ತೀರಾಮ್ಮ?"

"ಗೂಡು ಬೇಯುಸ್ತೀನಿ ತಾಯಿ. ಉಳಾನೂ ಅದ್ರೊಳ್ಗೇ ಬೇಯ್ತದೆ, ಏನ್ ಮಾಡದು" ಎಂದಳು ಅಕ್ಕ, ಇಡೀ ಹಾಲಿಗೆ ಕೇಳುವಂತೆ.

ಡಾಕ್ಟರಮ್ಮನ ಚಮಚ ತಟ್ಟೆಯ ಮೇಲೆಯೇ ನಿಂತಿತು. ನಾನು ತಟ್ಟೆಯ ಕಡೆ ಬಗ್ಗಿ ಅನ್ನ ಕಲಸತೊಡಗಿದೆ. ಊಟದ ನಂತರ ಏಜೆಂಟು ಎದ್ದು ನಿಂತು, ಜಪಾನಿನಲ್ಲಿ ಇಳಿದ ಕೂಡಲೇ ಪ್ರತಿಯೊಬ್ಬರ ಎರಡೂ ತೋರುಬೆರಳಿನ ಅಚ್ಚು ತೆಗೆದು, ಮುಖದ ಫೋಟೋ ಹಿಡಿದು ಒಳಗೆ ಬಿಡುತ್ತಾರೆ ಎಂದು ವಿವರಿಸಿದ. ಅಕ್ಕ ಶಾಲೆಯ ಮಕ್ಕಳ ಹಾಗೆ ಕೈ ಎತ್ತಿದಳು. "ಸಾ, ಬೆರಳಲ್ಲಿ ಗೆರೆ ಇಲ್ದೋರು ಏನ್ ಮಾಡ್ಬೇಕು?" ಜನ ನಕ್ಕರು. ತಮಾಷೆ ಎಂದುಕೊಂಡರೇನೋ. ಅಕ್ಕ ಎದ್ದು ಹೋಗಿ ಏಜೆಂಟನ ಮುಖದ ಮುಂದೆ ಕೈ ಹಿಡಿದಳು. ಆತ ನೋಡಿದ, ಗಂಭೀರನಾದ. "ಕೇಳಿ ತಿಳಿಸ್ತೀನಮ್ಮ" ಎಂದ.

ಆ ಸಂಜೆ ಬಸ್ಸಿನಲ್ಲಿ ನಾನು ಅವಳ ಪಕ್ಕ ಕೂರಲಿಲ್ಲ. ಇಡೀ ಬಸ್ಸಿನಲ್ಲಿ ಅಲ್ಲೊಂದೇ ಸೀಟು ಖಾಲಿಯಿತ್ತು. ಕೊಳ್ಳೇಗಾಲದವರೆಗೂ ನಿಂತೇ ಬಂದೆ.

ಮಾರನೆಯ ದಿನದಿಂದ ಅಕ್ಕ ಶೆಡ್ಡಿಗೆ ಹೋಗುವುದನ್ನು ನಿಲ್ಲಿಸಿದಳು. ಪಾತ್ರೆ ತೊಳೆಯುವುದಿಲ್ಲ, ಮುದ್ದೆ ತಿರುವುವುದಿಲ್ಲ, ಬಿಸಿ ಲೋಟ ಮುಟ್ಟುವುದಿಲ್ಲ. ಸ್ನಾನಕ್ಕೂ ತಣ್ಣೀರು. ಬಿಸಿನೀರು ತಿಂದ ಗೆರೆಯನ್ನು ಕೈಗೆ ಬಿಡುವು ಕೊಟ್ಟರೆ ಚರ್ಮ ವಾಪಸು ಕೊಡುತ್ತದೆ ಎಂಬುದು ಅವಳ ಲೆಕ್ಕ. ಶೆಡ್ಡಿನ ಗೆಳತಿಯರೂ ಹೂಂ ಎಂದರಂತೆ. ಸುಟ್ಟ ಗಾಯಕ್ಕೆ ಹೊಸ ಚರ್ಮ ಬರುವುದಿಲ್ಲವೇ, ಹಾಗೆ. ಆ ಹೆಂಗಸರಲ್ಲಿ ಯಾರಾದರೂ ಎರಡು ತಿಂಗಳು ಕೈಗೆ ಬಿಡುವು ಕೊಟ್ಟಿದ್ದರೆ ತಾನೇ ಗೊತ್ತಾಗುವುದು?

ತಂಗಿ ಅವಳನ್ನು ಯಳಂದೂರಿಗೆ ಕರೆಸಿಕೊಂಡು ಬಿಳಿಗಿರಿ ಬೆಟ್ಟದ ದಾರಿಯಲ್ಲಿದ್ದ ಒಬ್ಬ ಸೋಲಿಗರ ಹಿರಿಯರ ಹತ್ತಿರ ಕರೆದುಕೊಂಡು ಹೋದಳು. ಫಾರೆಸ್ಟಿನಲ್ಲಿ ವಾಚರಾಗಿದ್ದು ನಿವೃತ್ತರಾದವರು, ಸುಟ್ಟ ಗಾಯಕ್ಕೆ ಅವರ ಔಷಧಿ ಒಳ್ಳೆಯದೆಂದು ಸುತ್ತಲೂ ಹೆಸರು. ಅವರು ಕೈ ತಿರುಗಿಸಿ ನೋಡಿ, ಜೇನುಮೇಣ ಕರಗಿಸಿದ ಎಣ್ಣೆ ಕೊಟ್ಟು, "ಇದು ಚರ್ಮಕ್ಕೆ ಒಳ್ಳೇದು ಕಣವ್ವ. ಗೆರೆ ಬರ್ಸೋದು ನನ್ಗೊತ್ತಿಲ್ಲ, ಸುಳ್ ಹೇಳಾಕಿಲ್ಲ" ಎಂದರಂತೆ. ನಮ್ಮ ಪೈಕಿ ಯಾರೂ ಅಷ್ಟು ಚೊಕ್ಕವಾಗಿ ಮಾತಾಡಲಿಲ್ಲ. ಅಕ್ಕ ದಿನಕ್ಕೆರಡು ಹೊತ್ತು ಆ ಎಣ್ಣೆ ಸವರಿ, ಹಳೆಯ ಪಂಚೆಯ ಬಟ್ಟೆ ಹರಿದು ಎರಡೂ ತೋರುಬೆರಳಿಗೆ ಸುತ್ತಿಕೊಂಡು ಓಡಾಡಿದಳು. ಹೆಂಡತಿ ಅನ್ನ ಕಲಸಿ ಕೊಟ್ಟರೆ ಉಳಿದ ಬೆರಳಲ್ಲಿ ತಿನ್ನುವಳು. "ಏನತ್ಗೆ, ಹೊಸ ಮದ್ವಣ್ಗಿತ್ತಿ ಆಗೋದ್ರಲ್ಲ" ಎಂದು ಹೆಂಡತಿ ರೇಗಿಸಿದರೆ, "ಊ ಕಣಮ್ಮಿ, ಈ ವಯಸ್ಸಿಗಾರೂ ಕೈ ನೋಡಿ ಒಪ್ಲಿ" ಎಂದು ನಗುವಳು.

ಒಂದು ಬೆಳಿಗ್ಗೆ ನನ್ನ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಹುಡುಕುತ್ತಿದ್ದಾಗ ಅವಳ ಮಂಚದ ಕೆಳಗೆ ಸ್ಟ್ಯಾಂಪ್ ಪ್ಯಾಡು ಸಿಕ್ಕಿತು, ಜೊತೆಗೆ ಕಾಗದಗಳು. ಪ್ರಶ್ನೆಪತ್ರಿಕೆಯ ಬೆನ್ನಿನ ಮೇಲೆ ದಿನಕ್ಕೆರಡು ಬೆರಳೊತ್ತು, ಪಕ್ಕದಲ್ಲಿ ಅವಳ ಐದನೇ ಕ್ಲಾಸಿನ ಕೈಬರಹದಲ್ಲಿ ಅಂಕಿ. ಒಂದರಿಂದ ಮೂವತ್ತೊಂದರವರೆಗೆ. ಎಲ್ಲವೂ ಬರೀ ನೇರಳೆ ಮಚ್ಚೆ. ಇಪ್ಪತ್ತಾರರ ಮಚ್ಚೆಯ ಅಂಚಿನಲ್ಲಿ ಸಣ್ಣದೊಂದು ಬಿಳಿ ಗೀಟು ಬಿದ್ದಿತ್ತು. ಅದರ ಸುತ್ತ ಸೊನ್ನೆ ಸುತ್ತಿದ್ದಳು. ಅದು ಬೆರಳಿನ ಗೆರೆಯಲ್ಲ, ಬಟ್ಟೆಯ ನೂಲೊಂದು ಅಂಟಿಕೊಂಡ ಗುರುತು ಎಂದು ನನಗೆ ನೋಡಿದ ತಕ್ಷಣ ತಿಳಿಯಿತು. ಕಾಗದ ಹೇಗಿತ್ತೋ ಹಾಗೇ ಇಟ್ಟು ಹೊರಗೆ ಬಂದು, ಬೆರಳಿಗೆ ಹತ್ತಿದ ನೇರಳೆ ಮಸಿಯನ್ನು ನಲ್ಲಿಯಲ್ಲಿ ತೊಳೆದುಕೊಂಡೆ. ಅದನ್ನು ಕಂಡವನು ಆಮೇಲೆ ಏನು ಮಾಡಿದ ಎಂಬುದೇ ಮುಖ್ಯ.

ಅದಾಗಿ ನಾಲ್ಕು ದಿನಕ್ಕೆ ಏಜೆಂಟಿನ ಫೋನು ಬಂತು. ಪಿಂಚಣಿಯ ಕಾಗದಕ್ಕೆಂದು ಕಾಲೇಜಿಗೆ ಹೋಗಿದ್ದೆ, ಮರದ ಕೆಳಗೆ ನಿಂತು ಮಾತಾಡಿದೆ. "ಸಾರ್, ಅಮ್ಮನ ವಿಷಯ ಕೇಳಿಸ್ದೆ. ಸಾಮಾನ್ಯವಾಗಿ ಬಿಡ್ತಾರಂತೆ. ಪಕ್ಕಕ್ಕೆ ಕರೆದು ಬೆರಳು ನೋಡಿ, ನಾಕು ಮಾತು ಕೇಳಿ ಕಳಿಸ್ತಾರಂತೆ. ಆದ್ರೆ ಕೊನೇ ಮಾತು ಅಲ್ಲಿನ ಆಫೀಸರ್‌ದು, ನಾನು ಗ್ಯಾರಂಟಿ ಕೊಡಕ್ಕಾಗಲ್ಲ. ವೀಸಾಕ್ಕೆ ಕಾಗದ ಕಳಿಸ್ಬೇಕು, ನಾಕು ಜನಾನಾ, ಮೂರು ಜನಾನಾ? ನಾಳೆ ಹೇಳಿ."

ಅವನು ಹೇಳಿದ್ದು ಎರಡು ಮಾತು. ನಾನು ಮನೆಗೆ ತಂದದ್ದು ಒಂದೇ, ಗ್ಯಾರಂಟಿ ಇಲ್ಲ ಎಂಬುದು.

ಯಾಕೆ ಎಂದು ಬಹಳ ಸಲ ಕೇಳಿಕೊಂಡಿದ್ದೇನೆ. ಅಷ್ಟು ದೂರ ಕರೆದುಕೊಂಡು ಹೋಗಿ ಬಾಗಿಲಲ್ಲಿ ವಾಪಸು ಕಳಿಸಿದರೆ ಅವಳು ತಡೆದುಕೊಳ್ಳುವುದಿಲ್ಲ ಎಂದು ಮೊದಮೊದಲು ಸಮಾಧಾನ ಹೇಳಿಕೊಂಡೆ. ಅದು ಸುಳ್ಳು. ಹದಿನಾರು ಜನ ಮೆಲ್ಲಗೆ ಮಾತಾಡುವವರ ನಡುವೆ, ಹನ್ನೆರಡು ದಿನ, ಗೂಡು ಬೇಯಿಸುವ ಅಕ್ಕನ ತಮ್ಮನಾಗಿ ಓಡಾಡಬೇಕಲ್ಲ ಎಂಬುದೇ ನಿಜ. ಮೂವತ್ತಮೂರು ವರ್ಷ ಮಕ್ಕಳಿಗೆ ಶ್ರಮದ ಮೌಲ್ಯದ ಪಾಠ ಹೇಳಿದವನು ನಾನು. ಆಚಾರ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಹೆಂಡತಿ ಮಾತ್ರ ಬಿಡಲಿಲ್ಲ. "ಸರಿಯಾಗಿ ಕೇಳುದ್ರಾ? ಬರವಣಿಗೇಲಿ ಕೊಡ್ತಾರಾ ಕೇಳುದ್ರಾ?" ಎಂದಳು. ಕೇಳಿದೆ ಎಂದೆ. ವೀಸಾದ ಕಾಗದ ನಾಳೆಯೇ ಹೋಗಬೇಕು ಎಂದು ಅಕ್ಕನಿಗೆ ಹೇಳಿದಾಗ ಅವಳು ಜಗಲಿಯ ಮೇಲೆ ಬೆರಳಿಗೆ ಹೊಸ ಬಟ್ಟೆ ಸುತ್ತುತ್ತಿದ್ದಳು. ಒಂದು ತುದಿ ಹಲ್ಲಿನಲ್ಲಿ ಕಚ್ಚಿಕೊಂಡೇ ಕೇಳಿಸಿಕೊಂಡಳು. ಗಂಟು ಹಾಕಿ ಮುಗಿಸಿ, "ಇನ್ನೊಂದ್ ಇಪ್ಪತ್ ದಿನ ಇದ್ದಿದ್ರೆ ಮೂಡ್ತಿತ್ತೇನೋ" ಎಂದಳು. ಯಾಕೋ ನನ್ನ ಬಾಯಿ ಸುಮ್ಮನಿರಲಿಲ್ಲ. "ಬರೋ ವರ್ಸ ಓಗನ ಬುಡಕ್ಕ. ಇವಾಗ ನಾವು ಓಗಿ ಸರ್ಯಾಗಿ ವಿಚಾರ್ಸ್ಕಂಡ್ ಬತ್ತೀವಿ" ಎಂದೆ. ಅವಳು ತಲೆಯಾಡಿಸಿ, ದೇವರ ಗೂಡಿನ ಕಾಗದ ತಂದು ತಂಗಿಗೆ ಕೊಡಲು ಹೇಳಿದಳು. ಆ ಹಳ್ಳಿ ಮರೆಯದೆ ನೋಡಿ ಬರಬೇಕಂತೆ.

ಹೊರಡುವ ದಿನ ರಾಗಿಹಿಟ್ಟಿನ ಗಂಟನ್ನು ತಾನೇ ತೂಕ ನೋಡಿ ಬ್ಯಾಗಿಗಿಟ್ಟಳು. ಕಾರಿನ ಕಿಟಕಿಯಲ್ಲಿ ಬಗ್ಗಿ, "ಕಂಬಿ ಇಡ್ಕಂಡು ಅತ್ತಿ ಕಣಮ್ಮಿ" ಎಂದು ಹೆಂಡತಿಗೆ ಎಸ್ಕಲೇಟರಿನ ಬುದ್ಧಿ ಹೇಳಿದಳು.

ಟೋಕಿಯೊದಲ್ಲಿ ಇಳಿದು ಸಾಲಿನಲ್ಲಿ ನಿಂತೆವು. ನನ್ನ ಮುಂದೆ ಅದೇ ಡಾಕ್ಟರಮ್ಮ. ಅವರು ಬೆರಳು ಇಟ್ಟರು, ಮೆಷಿನ್ನು ಒಪ್ಪಲಿಲ್ಲ. ಒರೆಸಿ ಇಟ್ಟರು, ಒಪ್ಪಲಿಲ್ಲ. ಆಪರೇಷನ್ನಿಗೆ ದಿನಕ್ಕೆ ಹತ್ತು ಸಲ ಬ್ರಷ್ಷಿನಲ್ಲಿ ಕೈ ತಿಕ್ಕಿ ತೊಳೆದೂ ತೊಳೆದೂ ಸವೆದುಹೋಗಿದೆ ಎಂದು ನಗುತ್ತಾ ನಮಗೆ ಹೇಳಿದರು. ಒಬ್ಬ ಅಧಿಕಾರಿ ಬಂದು ತಲೆಬಾಗಿ, ಪಕ್ಕದ ಮೇಜಿಗೆ ಕರೆದುಕೊಂಡು ಹೋದ. ನಾವು ನಮ್ಮ ಚೀಲ ಹಿಡಿದು ಹೊರಗೆ ಬರುವಷ್ಟರಲ್ಲಿ ಅವರು ನಮಗಿಂತ ಮೊದಲೇ ಅಲ್ಲಿ ನಿಂತು ಬಿಸ್ಕತ್ತು ತಿನ್ನುತ್ತಿದ್ದರು.

ತಂಗಿ ನನ್ನ ಕಡೆ ತಿರುಗಿದಳು. "ಅಣ್ಣ, ಆ ಏಜೆಂಟು ನಿನ್ಗೆ ನಿಜ್ವಾಗ್ಲೂ ಏನಂದ?" ಎಂದು ಕೇಳಿದಳು. ನಾನು ಟ್ರಾಲಿಯ ಚಕ್ರ ಸರಿಮಾಡಲು ಬಗ್ಗಿದೆ. ಅವಳಿಗೆ ಅಷ್ಟು ಸಾಕಾಯಿತು. ಆಮೇಲೆ ಹನ್ನೆರಡು ದಿನವೂ ಅವಳು ನನ್ನೊಂದಿಗೆ ಮಾತಾಡಲಿಲ್ಲ.

ಟೋಕಿಯೊ, ಕ್ಯೋಟೊ, ಬುಲೆಟ್ ರೈಲು ಎಲ್ಲ ನೋಡಿದ್ದೇನೆ. ಬರೆಯುವಂಥದ್ದು ಏನೂ ಉಳಿದಿಲ್ಲ. ಆ ಹುಲ್ಲುಸೂರಿನ ಹಳ್ಳಿಗೆ ಹೋದ ದಿನ ಮಾತ್ರ ಉಳಿದಿದೆ. ಅಟ್ಟದಲ್ಲಿ ಹುಳದ ತಟ್ಟೆಗಳಿದ್ದವು, ಮೂಲೆಯಲ್ಲಿ ಮರದ ರಾಟೆ, ಅದರ ಮುಂದೆ ಒಂದು ಸಣ್ಣ ಹಳೆಯ ತೊಟ್ಟಿ. ನಮ್ಮ ಗೈಡು, ಇಂಗ್ಲಿಷ್ ಬಲ್ಲ ಒಬ್ಬ ಜಪಾನಿ ಹೆಂಗಸು, ಇದು ಏನೆಂದು ನಿಮ್ಮಲ್ಲಿ ಯಾರಿಗಾದರೂ ಗೊತ್ತೇ ಎಂದು ಕೇಳಿದಳು. ಡಾಕ್ಟರಮ್ಮ, "ಸಾರ್, ನಿಮ್ಮ ಅಕ್ಕ ಇದನ್ನೇ ಮಾಡ್ತಾರೆ ಅಲ್ವಾ? ಅವರು ಬರಬೇಕಿತ್ತು ಕಣ್ರೀ" ಎಂದರು. ಅವರ ದನಿಯಲ್ಲಿ ಕುಹಕವಿರಲಿಲ್ಲ, ನಿಜವಾದ ಬೇಸರವಿತ್ತು. ನಾನು ಯಾರ ಮುಂದೆ ಮರ್ಯಾದೆ ಹೋಗುತ್ತದೆಂದು ಹೆದರಿದ್ದೆನೋ ಅವರಿಗೆ ಅಕ್ಕನ ನೆನಪಿತ್ತು. ತಂಗಿ ಏಣಿ ಇಳಿದು ಹೊರಗೆ ಹೋದಳು. ನಾನು ಹೂಂ ಎಂದು ತಲೆಯಾಡಿಸಿದೆ.

ಊರಿಗೆ ಬಂದಾಗ ಮಧ್ಯಾಹ್ನ. ಅಕ್ಕ ಪಕ್ಕದ ಮನೆಯವಳ ಕೈಲಿ ಮುದ್ದೆ, ಉಪ್ಪೆಸರು ಮಾಡಿಸಿಟ್ಟಿದ್ದಳು. ಮೂವರನ್ನೂ ಸಾಲಾಗಿ ಕೂರಿಸಿ ತಾನು ಎದುರಿಗೆ ಕೂತಳು. ಅಲ್ಲಿ ನೀರು ಹೇಗೆ, ಅನ್ನ ಹೇಗೆ, ಗದ್ದೆ ನಮ್ಮಂಗೇ ಇದೆಯಾ ಎಂದೆಲ್ಲ ಕೇಳಿದಳು. ಹೆಂಡತಿ ಹೇಳುತ್ತಾ ಹೋದಳು. ತಂಗಿ ತಲೆ ಎತ್ತದೆ ಉಣ್ಣುತ್ತಿದ್ದಳು. ಎಲ್ಲ ಮುಗಿದ ಮೇಲೆ ಅಕ್ಕ ನನ್ನ ಕಡೆ ಸ್ವಲ್ಪ ಸರಿದು ಮೆಲ್ಲಗೆ ಕೇಳಿದಳು.

"ವಿಚಾರ್ಸ್ದಾ? ಬೆರಳು ಕೇಳುದ್ರಾ?"

"ಊ, ಕೇಳುದ್ರು."

"ಗೆರೆ ಇಲ್ದೋರ್ನ?"

ತಂಗಿಯ ಕೈ ತಟ್ಟೆಯಲ್ಲಿ ನಿಂತಿತು. ಹೆಂಡತಿ ನನ್ನ ಮುಖ ನೋಡಿದಳು. ನಿಜ ಹೇಳಿದರೆ ಅವಳನ್ನು ಎರಡನೆಯ ಸಲ ಬೇಯಿಸಿದಂತೆ ಎಂದು ಆ ಕ್ಷಣದಲ್ಲಿ ಅನ್ನಿಸಿತು. ಈಗ ಯೋಚಿಸಿದರೆ ನನ್ನನ್ನೇ ಉಳಿಸಿಕೊಂಡೆ ಅನಿಸುತ್ತದೆ.

"ಬುಡಾಕಿಲ್ಲ ಕಣಕ್ಕ. ವಾಪಸ್ ಕಳುಸ್ಬುಡ್ತಾರೆ."

ಅಕ್ಕ ಉಸಿರು ಬಿಟ್ಟಳು. ಅವಳ ಮುಖದಲ್ಲಿ ಸಮಾಧಾನ ಕಂಡಿತು. ಅದನ್ನು ನಾನು ಹೇಗೆ ಮರೆಯಲಿ? "ಸದ್ಯ ಕಣ್ಲಾ. ಬಂದಿದ್ರೆ ಅಷ್ಟ್ ಜನದ್ ಮುಂದೆ ನಿನ್ ಮರ್ವಾದೆ ಕಳೀತಿದ್ದೆ. ಒಳ್ಳೇ ಕೆಲ್ಸ ಮಾಡ್ದೆ ಬುಟ್ಟೋಗಿ" ಎಂದಳು. ಆಮೇಲೆ ಎರಡೂ ತೋರುಬೆರಳಿನ ಬಟ್ಟೆಯನ್ನು ಸುರುಳಿ ಬಿಚ್ಚಿ ತೆಗೆದಳು. ನಾವು ಇಲ್ಲದಿದ್ದ ಅಷ್ಟು ದಿನವೂ ಅವಳು ಅದನ್ನು ಸುತ್ತುವುದು ಬಿಟ್ಟಿರಲಿಲ್ಲ, ಕೈಯನ್ನು ಬಿಸಿನೀರಿಗೆ ಇಟ್ಟಿರಲಿಲ್ಲ. ಬರೋ ವರ್ಷ ಎಂದು ನಾನು ಅಂದದ್ದನ್ನು ನಂಬಿಕೊಂಡೇ ಕೂತಿದ್ದಳು.

"ಅಂಗಾರೆ ನಾಳಿಂದ ಶೆಡ್ಡಿಗೋಯ್ತೀನಿ" ಎಂದಳು. "ಇನ್ಯಾತಕ್ಕೆ ಜ್ವಾಪಾನ ಮಾಡದು?"

ಬರಿಗೈಯಲ್ಲಿ ಬಿಸಿ ಪಾತ್ರೆ ಹಿಡಿದು ಎಳೆದುಕೊಂಡು, ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು. ನಾನು ತಿಂದೆ.